ಹಿತ್ತಲಿನ ನಿಂಬೆ ಗಿಡದಲ್ಲಿ ಎಲೆಯ ಕಜ್ಜಿ ರೋಗ: ಗುರುತಿಸುವಿಕೆ ಮತ್ತು ಹತೋಟಿ ಕ್ರಮಗಳು

ಪೀಠಿಕೆ

ರಾಜ್ಯದ ಹಳ್ಳಿ, ಪಟ್ಟಣಗಳೆರಡರಲ್ಲಿಯೂ ಮನೆಯ ಹಿತ್ತಲಿನಲ್ಲಿ ಒಂದೆರಡು ನಿಂಬೆ ಗಿಡಗಳನ್ನು ಬೆಳೆಸುವ ರೂಢಿಯಿದೆ. ಬೀಜದಿಂದ ಬೆಳೆದ ನಿಂಬೆ ಗಿಡವು ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕಾಗುತ್ತದೆ. ಇಷ್ಟು ಕಾಲ ನೀರೆರೆದು ಸಾಕಿದ ಗಿಡದ ಎಲೆ, ರೆಂಬೆ ಹಾಗೂ ಕಾಯಿಗಳ ಮೇಲೆ ಒರಟಾದ ಕಂದು ಚುಕ್ಕೆಗಳು ಮೂಡಿದಾಗ ಮನೆಯವರು ಗಾಬರಿಗೊಳ್ಳುವುದು ಸಹಜ. ಕೆಲವರು ಗಿಡವನ್ನೇ ಕಡಿದು ಹಾಕುತ್ತಾರೆ. ಇನ್ನು ಕೆಲವರು ಅಂಗಡಿಯಲ್ಲಿ ದೊರೆತ ಔಷಧಿಯನ್ನು ಪ್ರಮಾಣವರಿಯದೆ ಸಿಂಪಡಿಸುತ್ತಾರೆ. ಇವೆರಡೂ ಅನಗತ್ಯ. ನಿಂಬೆಯ ಕಜ್ಜಿ ರೋಗವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವುದು ಕಷ್ಟವಾದರೂ, ಸಕಾಲದಲ್ಲಿ ಕೈಗೊಳ್ಳುವ ಕೆಲವು ಸರಳ ಕ್ರಮಗಳಿಂದ ಗಿಡವನ್ನು ಉಳಿಸಿಕೊಂಡು ಮನೆಗೆ ಸಾಕಾಗುವಷ್ಟು ಹಣ್ಣನ್ನು ಪಡೆಯಬಹುದು. ಸಾರ್ವಜನಿಕರ ತಿಳಿವಳಿಕೆಗಾಗಿ ಈ ರೋಗದ ಕಾರಣ, ಲಕ್ಷಣ, ಹರಡುವ ವಿಧಾನ, ಹತೋಟಿ ಕ್ರಮಗಳು ಹಾಗೂ ಮಾದರಿ ಪರೀಕ್ಷೆಗೆ ಸಂಪರ್ಕಿಸಬೇಕಾದ ಕಛೇರಿಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ.

ರೋಗಕ್ಕೆ ಕಾರಣ

ಕಜ್ಜಿ ರೋಗವು ಕ್ಸಾಂಥೋಮೊನಾಸ್ ಸಿಟ್ರಿ ಎಂಬ ದುಂಡಾಣುವಿನಿಂದ ಬರುತ್ತದೆ. ಇದು ಶಿಲೀಂಧ್ರ ರೋಗವಲ್ಲ. ಆದ್ದರಿಂದ ಶಿಲೀಂಧ್ರಗಳಿಗಾಗಿಯೇ ತಯಾರಾದ ಅನೇಕ ಔಷಧಿಗಳು ಇದರ ಮೇಲೆ ಪರಿಣಾಮ ಬೀರುವುದಿಲ್ಲ. ತಾಮ್ರಯುಕ್ತ ಔಷಧಿಗಳು ಮಾತ್ರ ದುಂಡಾಣು ಮತ್ತು ಶಿಲೀಂಧ್ರ ಎರಡರ ವಿರುದ್ಧವೂ ಕೆಲಸ ಮಾಡುವುದರಿಂದ ಅವುಗಳನ್ನು ಇಲ್ಲಿ ಶಿಫಾರಸು ಮಾಡಲಾಗುತ್ತದೆ.

ಈ ರೋಗವು ನಮ್ಮ ದೇಶಕ್ಕೆ ಹೊಸದಲ್ಲ. 1827 ರಿಂದ 1831ರ ಅವಧಿಯಲ್ಲಿ ಡೆಹರಾಡೂನ್ ಪ್ರದೇಶದಲ್ಲಿ ಸಂಗ್ರಹಿಸಿ ಇಂಗ್ಲೆಂಡಿನ ಕ್ಯೂ ಸಸ್ಯ ಸಂಗ್ರಹಾಲಯದಲ್ಲಿ ಇರಿಸಲಾದ ಮಾದಳ ಜಾತಿಯ ಎಲೆಗಳ ಮೇಲೆಯೇ ಕಜ್ಜಿಯ ಗುರುತುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ನಿಂಬೆ ವರ್ಗದ ಎಲ್ಲ ಗಿಡಗಳು ಈ ರೋಗಕ್ಕೆ ಸಮಾನವಾಗಿ ತುತ್ತಾಗುವುದಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಯುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯು ಬೇಗನೆ ರೋಗಕ್ಕೆ ಒಳಗಾಗುತ್ತದೆ. ಕೊಡಗಿನ ಕಿತ್ತಳೆಯೂ ಸೇರಿದ ಮ್ಯಾಂಡರಿನ್ ಗುಂಪಿನ ಕಿತ್ತಳೆಗಳು ಹೋಲಿಕೆಯಲ್ಲಿ ಹೆಚ್ಚು ಸಹಿಷ್ಣುತೆಯನ್ನು ಹೊಂದಿವೆ.

ರೋಗದ ಲಕ್ಷಣಗಳು

1. ಎಲೆಗಳಲ್ಲಿ: ಮೊದಲು ಎಳೆಯ ಎಲೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕದಾದ, ನೀರಿನಲ್ಲಿ ನೆನೆದಂತೆ ಕಾಣುವ ಚುಕ್ಕೆಗಳು ಮೂಡುತ್ತವೆ. ಅನುಕೂಲಕರ ಹವೆಯಲ್ಲಿ ಸೋಂಕು ತಗುಲಿದ ಒಂದರಿಂದ ಒಂದೂವರೆ ವಾರದಲ್ಲಿ ಇವು ಕಣ್ಣಿಗೆ ಕಾಣತೊಡಗುತ್ತವೆ. ಕ್ರಮೇಣ ಚುಕ್ಕೆಗಳು ಉಬ್ಬಿ, ಬೆಂಡಿನಂತೆ ಒರಟಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಚುಕ್ಕೆಯ ಸುತ್ತ ಹಳದಿ ಬಳೆಯಿರುತ್ತದೆ. ಉಬ್ಬು ಎಲೆಯ ಮೇಲ್ಭಾಗ ಮತ್ತು ಕೆಳಭಾಗ ಎರಡರಲ್ಲಿಯೂ ಕೈಗೆ ಒರಟಾಗಿ ತಗುಲುತ್ತದೆ. ಹಳೆಯ ಚುಕ್ಕೆಗಳ ನಡುಭಾಗ ಉದುರಿ ಎಲೆಯಲ್ಲಿ ತೂತು ಬೀಳುವುದೂ ಉಂಟು.

2. ರೆಂಬೆಗಳಲ್ಲಿ: ಎಳೆಯ ರೆಂಬೆಗಳ ಮೇಲೆ ಬಿರುಕುಬಿಟ್ಟ ಕಂದು ಗಂಟುಗಳು ಕಾಣಿಸುತ್ತವೆ. ರೋಗ ತೀವ್ರವಾದಲ್ಲಿ ರೆಂಬೆಯು ತುದಿಯಿಂದ ಒಣಗುತ್ತದೆ.

3. ಕಾಯಿಗಳಲ್ಲಿ: ಸಿಪ್ಪೆಯ ಮೇಲೆ ನಡುವೆ ಕುಳಿಯಿರುವ ಒರಟು ಕಜ್ಜಿಗಳು ಮೂಡುತ್ತವೆ. ತೀವ್ರ ಸೋಂಕಿನಲ್ಲಿ ಕಾಯಿ ಬಲಿಯುವ ಮುನ್ನವೇ ಉದುರುತ್ತದೆ.

ತಪ್ಪಾಗಿ ಗುರುತಿಸಲ್ಪಡುವ ಇತರ ತೊಂದರೆಗಳು

ನಿಂಬೆ ಗಿಡದ ಎಲೆಯಲ್ಲಿ ಕಾಣುವ ಎಲ್ಲ ದೋಷಗಳೂ ಕಜ್ಜಿ ರೋಗವಲ್ಲ. ಔಷಧಿ ಸಿಂಪಡಿಸುವ ಮುನ್ನ ಈ ಕೆಳಗಿನ ವ್ಯತ್ಯಾಸಗಳನ್ನು ಗಮನಿಸುವುದು ಅಗತ್ಯ.

• ಎಳೆಯ ಎಲೆಯ ಮೇಲೆ ಬೆಳ್ಳಿಯ ಬಣ್ಣದ ಅಂಕುಡೊಂಕು ಗೆರೆಗಳಿದ್ದು ಎಲೆ ಮುದುಡಿದ್ದರೆ ಅದು ಎಲೆ ಸುರಂಗ ಕೀಟದ ಹಾವಳಿ. ಗೆರೆಗಳು ರಂಗೋಲಿಯಂತೆ ತೋರುವುದರಿಂದ ಇದಕ್ಕೆ ರಂಗೋಲಿ ಹುಳುವೆಂದೂ ಹೆಸರಿದೆ.
• ಎಲೆಯ ಅಂಚುಗಳು ಕತ್ತರಿಸಿದಂತೆ ಮಾಯವಾಗಿದ್ದು, ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಅಥವಾ ಹಸಿರು ಬಣ್ಣದ ದಪ್ಪ ಹುಳು ಇದ್ದರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಇದು ಕರಿಬೇವಿನ ಗಿಡದಲ್ಲಿಯೂ ಕಾಣಸಿಗುತ್ತದೆ. ಒಂದೆರಡು ಗಿಡಗಳಿದ್ದಲ್ಲಿ ಕೈಯಿಂದ ಆರಿಸಿ ತೆಗೆದರೆ ಸಾಕು.
• ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಸತು ಅಥವಾ ಕಬ್ಬಿಣದಂತಹ ಲಘು ಪೋಷಕಾಂಶದ ಕೊರತೆಯಿರಬಹುದು. ಇಲ್ಲಿ ಎಲೆಯ ಮೇಲೆ ಒರಟು ಉಬ್ಬು ಇರುವುದಿಲ್ಲ.

ಸರಳವಾಗಿ ಹೇಳುವುದಾದರೆ, ಹಳದಿ ಬಳೆಯಿಂದ ಸುತ್ತುವರಿದ, ಎಲೆಯ ಎರಡೂ ಬದಿಯಲ್ಲಿ ಬೆರಳಿಗೆ ತಗುಲುವ ಒರಟು ಉಬ್ಬು ಇದ್ದರೆ ಕಜ್ಜಿ ರೋಗವೆಂದು ಶಂಕಿಸಬಹುದು.

ರೋಗ ಹರಡುವ ವಿಧಾನ

ದುಂಡಾಣುಗಳು ಹಳೆಯ ಕಜ್ಜಿ ಗಾಯಗಳಲ್ಲಿ ಒಣ ಹವೆಯ ತಿಂಗಳುಗಳಲ್ಲಿಯೂ ಜೀವಂತವಾಗಿರುತ್ತವೆ. ಮಳೆ ಬಂದು ಗಾಯವು ನೆನೆದಾಗ ಅವು ನೀರಿನೊಡನೆ ಹೊರಬಂದು, ಸಿಡಿಯುವ ಹನಿಗಳ ಮೂಲಕ ಅಕ್ಕಪಕ್ಕದ ಎಲೆಗಳನ್ನು ಸೇರುತ್ತವೆ. ಗಾಳಿಯೊಡನೆ ಬೀಸುವ ಮಳೆಯು ಅವುಗಳನ್ನು ಮತ್ತಷ್ಟು ದೂರಕ್ಕೆ ಒಯ್ಯುವುದಲ್ಲದೆ ಎಲೆಯ ರಂಧ್ರಗಳೊಳಕ್ಕೂ ನೂಕುತ್ತದೆ. 20 ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಮಳೆ ಒಟ್ಟಿಗೆ ಇರುವಾಗ ರೋಗ ಹೆಚ್ಚುತ್ತದೆ. ರಾಜ್ಯದ ಬಹುಭಾಗದಲ್ಲಿ ಮುಂಗಾರಿನ ಹವೆ ಹೀಗೆಯೇ ಇರುವುದರಿಂದ ಜೂನ್ ತಿಂಗಳ ನಂತರ ದೂರುಗಳು ಹೆಚ್ಚುವುದು ಕಂಡುಬರುತ್ತದೆ.

ದುಂಡಾಣು ಗಿಡದೊಳಕ್ಕೆ ಎರಡು ದಾರಿಗಳಲ್ಲಿ ಪ್ರವೇಶಿಸುತ್ತದೆ: ಎಳೆಯ ಎಲೆಗಳಲ್ಲಿರುವ ಪತ್ರರಂಧ್ರಗಳ ಮೂಲಕ ಹಾಗೂ ಮುಳ್ಳು, ಕತ್ತರಿ ಅಥವಾ ಕೀಟಗಳಿಂದಾದ ಗಾಯಗಳ ಮೂಲಕ. ಎಲೆ ಸುರಂಗ ಕೀಟವು ಕೊರೆದ ದಾರಿಗಳು ದುಂಡಾಣುವಿಗೆ ತೆರೆದ ಬಾಗಿಲಿನಂತಾಗುತ್ತವೆ. ಆದ್ದರಿಂದ ಕಜ್ಜಿ ರೋಗದ ಹತೋಟಿಯಲ್ಲಿ ಈ ಕೀಟದ ಹತೋಟಿಯೂ ಸೇರಿದೆ. ಎಲೆ ಪೂರ್ಣ ಬಲಿತ ಮೇಲೆ ಗಾಯವಿಲ್ಲದಿದ್ದರೆ ಸೋಂಕು ತಗುಲುವ ಸಂಭವ ಬಹಳ ಕಡಿಮೆ. ಕಾಯಿಗಳಿಗೆ ಹೂದಳ ಉದುರಿದ ನಂತರದ ಮೊದಲ ಎರಡು ಮೂರು ತಿಂಗಳು ಅಪಾಯದ ಕಾಲ.

ದೂರದ ಊರುಗಳಿಗೆ ರೋಗ ಹರಡುವುದು ಬಹುಮಟ್ಟಿಗೆ ಮನುಷ್ಯರಿಂದಲೇ. ರೋಗವಿರುವ ಸಸಿಗಳನ್ನು ಕೊಂಡು ತರುವುದು, ಒಂದು ಗಿಡ ಕತ್ತರಿಸಿದ ಕತ್ತರಿಯನ್ನು ಸ್ವಚ್ಛಗೊಳಿಸದೆ ಮತ್ತೊಂದಕ್ಕೆ ಬಳಸುವುದು ಇದಕ್ಕೆ ಮುಖ್ಯ ಕಾರಣಗಳು.

ಗಿಡವನ್ನು ಕಡಿಯಬೇಕೆ?

ಕಜ್ಜಿ ರೋಗ ಕಾಣಿಸಿಕೊಂಡ ಮಾತ್ರಕ್ಕೆ ಫಲ ಕೊಡುತ್ತಿರುವ ಗಿಡವನ್ನು ಕಡಿಯುವ ಅಗತ್ಯವಿಲ್ಲ. ಈ ವಿಚಾರದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಅನುಭವವನ್ನು ಉಲ್ಲೇಖಿಸಬಹುದು. ಅಲ್ಲಿ 1995ರಲ್ಲಿ ಮಿಯಾಮಿ ನಗರದ ವಸತಿ ಪ್ರದೇಶದಲ್ಲಿ ರೋಗ ಪತ್ತೆಯಾದ ಮೇಲೆ ಅದನ್ನು ನಿರ್ಮೂಲ ಮಾಡುವ ಕಾರ್ಯಕ್ರಮ ಆರಂಭವಾಯಿತು. ಮುಂದೆ ರೋಗವಿರುವ ಗಿಡದ ಸುತ್ತ 1,900 ಅಡಿಗಳೊಳಗಿನ ನಿಂಬೆ ವರ್ಗದ ಎಲ್ಲ ಗಿಡಗಳನ್ನು, ಅವು ಆರೋಗ್ಯವಾಗಿದ್ದರೂ, ತೆಗೆಯುವ ನಿಯಮ ಜಾರಿಗೆ ಬಂದಿತು. ಮನೆಗಳ ಹಿತ್ತಲಿನ ಗಿಡಗಳೂ ಇದಕ್ಕೆ ಒಳಪಟ್ಟವು ಮತ್ತು ನಿವಾಸಿಗಳು ನ್ಯಾಯಾಲಯದ ಮೊರೆ ಹೋದರು. 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ವ್ಯಾಪಕವಾಗಿ ಹರಡಿದ ಕಾರಣ 2006ರಲ್ಲಿ ನಿರ್ಮೂಲನಾ ಕಾರ್ಯಕ್ರಮವನ್ನು ಕೈಬಿಡಲಾಯಿತು. ರೋಗವು ಹೊಸದಾಗಿ ಕಾಲಿಟ್ಟ ನಾಡಿನಲ್ಲಿ ಕೈಗೊಂಡ ಕ್ರಮವದು. ರೋಗವು ಬಹುಕಾಲದಿಂದ ನೆಲೆಸಿರುವ ನಮ್ಮಲ್ಲಿ ಒಂದು ಮನೆಯ ಗಿಡವನ್ನು ಕಡಿಯುವುದರಿಂದ ರೋಗ ತೊಲಗುವುದಿಲ್ಲ. ಇಲ್ಲಿ ಹತೋಟಿಯೇ ಸರಿಯಾದ ದಾರಿ.

ಆದರೆ ಎರಡು ಸಂದರ್ಭಗಳಲ್ಲಿ ಗಿಡ ತೆಗೆಯುವುದು ಲೇಸು: ಹೊಸದಾಗಿ ತಂದ ಚಿಕ್ಕ ಸಸಿಯ ಕಾಂಡದಲ್ಲಿಯೇ ಕಜ್ಜಿ ಇದ್ದಾಗ ಹಾಗೂ ಹಳೆಯ ಗಿಡದ ಬಹುತೇಕ ರೆಂಬೆಗಳು ಒಣಗಿ ಹೊಸ ಚಿಗುರು ಬಾರದಿದ್ದಾಗ.

ಹತೋಟಿ ಕ್ರಮಗಳು

ಅ) ಸವರುವಿಕೆ ಮತ್ತು ಸ್ವಚ್ಛತೆ

1. ರೋಗದ ರೆಂಬೆಗಳನ್ನು ಒಣ ಹವೆಯಿರುವ ದಿನಗಳಲ್ಲಿ, ಸಾಧ್ಯವಾದಷ್ಟು ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ, ಕಜ್ಜಿಯಿರುವ ಭಾಗದಿಂದ ಕೆಲವು ಅಂಗುಲ ಕೆಳಗೆ ಕತ್ತರಿಸಬೇಕು. ಗಿಡ ಒದ್ದೆಯಾಗಿರುವಾಗ ಸವರಬಾರದು, ಮುಟ್ಟಲೂಬಾರದು.
2. ಪ್ರತಿ ಗಿಡದ ಕೆಲಸ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ ಸ್ವಚ್ಛಗೊಳಿಸಬೇಕು.
3. ಕತ್ತರಿಸಿದ ರೆಂಬೆ ಹಾಗೂ ಉದುರಿದ ಎಲೆಗಳನ್ನು ಗಿಡದ ಬುಡದಲ್ಲಿ ಬಿಡದೆ, ದೂರದಲ್ಲಿ ಸುಮಾರು ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ವಸತಿ ಪ್ರದೇಶಗಳಲ್ಲಿ ಅವುಗಳಿಗೆ ಬೆಂಕಿ ಹಚ್ಚಬಾರದು.
4. ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮನ್ನು ಹಚ್ಚಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ ಬೆರೆಸಿದರೆ ಮುಲಾಮು ಸಿದ್ಧವಾಗುತ್ತದೆ.

ಆ) ನೀರು ಮತ್ತು ಗೊಬ್ಬರ

ನೀರನ್ನು ಪಾತಿಗೆ ಮಾತ್ರ ಹಾಯಿಸಬೇಕು. ಕೊಳವೆಯಿಂದ ಎಲೆಗಳ ಮೇಲೆ ನೀರು ಚಿಮ್ಮಿಸುವುದು ರೋಗ ಹರಡಲು ನೆರವಾಗುತ್ತದೆ. ಯೂರಿಯಾದಂತಹ ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕಿದರೆ ಗಿಡವು ಮೇಲಿಂದ ಮೇಲೆ ಮೃದುವಾದ ಚಿಗುರು ಬಿಡುತ್ತದೆ. ಅಂತಹ ಚಿಗುರೇ ರೋಗಕ್ಕೂ ಎಲೆ ಸುರಂಗ ಕೀಟಕ್ಕೂ ಮೊದಲು ತುತ್ತಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಿತವಾಗಿ ಕೊಡುವುದು ಉತ್ತಮ.

ಇ) ಎಲೆ ಸುರಂಗ ಕೀಟದ ಹತೋಟಿ

ಹೊಸ ಚಿಗುರು ಮೂಡುವಾಗ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬಹುದು. 500 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ ಸೋಸಿ, ಒಟ್ಟು 10 ಲೀಟರ್‌ಗೆ ನೀರು ಸೇರಿಸಿ, ಸ್ವಲ್ಪ ಸಾಬೂನಿನ ದ್ರಾವಣ ಬೆರೆಸಬೇಕು. ಇದನ್ನು ತಯಾರಿಸಿದ ದಿನವೇ ಸಂಜೆಯ ವೇಳೆ ಬಳಸಬೇಕು. ಬೋರ್ಡೋ ದ್ರಾವಣದೊಂದಿಗೆ ಬೆರೆಸಬಾರದು.

ಈ) ಬೋರ್ಡೋ ದ್ರಾವಣದ ಸಿಂಪರಣೆ

ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣವನ್ನು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿಯು 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಪರಿಹಾರವಾಗಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಡಾ. ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದ ಕಾರಣ ಮಲೆನಾಡಿನ ಬೆಳೆಗಾರರಿಗೆ ಇದು ಚಿರಪರಿಚಿತ. ನಿಂಬೆಗೆ ಶೇಕಡಾ 1ರ ದ್ರಾವಣವನ್ನು ಬಳಸಲಾಗುತ್ತದೆ.

ಪ್ರಮಾಣ:
• 5 ಲೀಟರ್ ದ್ರಾವಣಕ್ಕೆ: ಮೈಲುತುತ್ತ 50 ಗ್ರಾಂ, ಸುಟ್ಟ ಸುಣ್ಣ 50 ಗ್ರಾಂ
• 10 ಲೀಟರ್ ದ್ರಾವಣಕ್ಕೆ: ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ

ತಯಾರಿಸುವ ವಿಧಾನ:
1. ಒಟ್ಟು ನೀರನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ಮೈಲುತುತ್ತವನ್ನೂ ಮತ್ತೊಂದರಲ್ಲಿ ಸುಣ್ಣವನ್ನೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಹಾಗೂ ಅಡುಗೆಯ ಪಾತ್ರೆಗಳನ್ನು ಬಳಸಬಾರದು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಬಿಸಿಯೇರುವುದರಿಂದ ನೀರನ್ನು ನಿಧಾನವಾಗಿ ಸೇರಿಸಿ ಆರಲು ಬಿಡಬೇಕು.
2. ಸುಣ್ಣದ ತಿಳಿಯನ್ನು ಸೋಸಿ, ಕಡ್ಡಿಯಿಂದ ಕಲಕುತ್ತ ಮೈಲುತುತ್ತದ ದ್ರಾವಣವನ್ನು ಅದಕ್ಕೆ ಸುರಿಯಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು.
3. ಹೊಳಪಿರುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪು ಬಣ್ಣದ ಲೇಪ ಕಂಡುಬಂದರೆ ತಾಮ್ರ ಹೆಚ್ಚಾಗಿದೆಯೆಂದು ಅರ್ಥ. ಲೇಪ ಕಾಣದಂತಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು. ಈ ಪರೀಕ್ಷೆ ಮಾಡದೆ ಸಿಂಪಡಿಸಿದರೆ ಎಳೆಯ ಎಲೆಗಳು ಸುಡುವ ಸಂಭವವಿದೆ.
4. ದ್ರಾವಣವನ್ನು ಅಂದೇ ಬಳಸಬೇಕು. ಉಳಿದುದನ್ನು ಮರುದಿನಕ್ಕೆ ಇಡಬಾರದು.

ದ್ರಾವಣ ತಯಾರಿಸಲು ಅನುಕೂಲವಿಲ್ಲದವರು ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಪ್ರತಿ ಲೀಟರ್ ನೀರಿಗೆ 3 ಗ್ರಾಂ ಪ್ರಮಾಣದಲ್ಲಿ ಬೆರೆಸಿ ಸಿಂಪಡಿಸಬಹುದು.

ತಾಮ್ರಯುಕ್ತ ಔಷಧಿಯು ಎಲೆಯ ಮೇಲೆ ರಕ್ಷಾಕವಚದಂತೆ ನಿಲ್ಲುತ್ತದೆಯೇ ಹೊರತು ಈಗಾಗಲೇ ಮೂಡಿದ ಕಜ್ಜಿಯನ್ನು ಮಾಯಿಸುವುದಿಲ್ಲ. ಸಿಂಪರಣೆಯ ನಂತರವೂ ಹಳೆಯ ಚುಕ್ಕೆಗಳು ಹಾಗೆಯೇ ಉಳಿದಿವೆಯೆಂದು ಪದೇ ಪದೇ ಸಿಂಪಡಿಸುವುದು ವ್ಯರ್ಥ. ಹೊಸ ಎಲೆಗಳು ಚುಕ್ಕೆಯಿಲ್ಲದೆ ಬಲಿತರೆ ಸಿಂಪರಣೆ ಫಲಕೊಟ್ಟಿದೆಯೆಂದು ತಿಳಿಯಬೇಕು. ತಾಮ್ರವು ಮಣ್ಣಿನಲ್ಲಿ ಉಳಿದು ಸಂಗ್ರಹವಾಗುವ ವಸ್ತುವಾದ್ದರಿಂದ ಅಗತ್ಯಕ್ಕಿಂತ ಹೆಚ್ಚು ಬಳಸಬಾರದು.

ಜೀವನಿರೋಧಕ ಔಷಧಿಗಳ ಬಗ್ಗೆ

ಹಿಂದಿನ ಅನೇಕ ಕರಪತ್ರಗಳಲ್ಲಿ ಕಜ್ಜಿ ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಒಳಗೊಂಡ ಪುಡಿಯನ್ನು ಸೂಚಿಸಲಾಗುತ್ತಿತ್ತು. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗದ ಚಿಕಿತ್ಸೆಗೆ ಬಳಕೆಯಾದ ಔಷಧಿ. ಇಂತಹ ಔಷಧಿಗಳನ್ನು ಗಿಡಗಳಿಗೆ ಸಿಂಪಡಿಸುವುದರಿಂದ ಅವುಗಳಿಗೆ ಬಗ್ಗದ ದುಂಡಾಣುಗಳು ಬೆಳೆಯುವ ಅಪಾಯವಿದೆ. ಕೃಷಿಯಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಿತ್ತಲಿನ ಗಿಡಗಳಿಗೆ ಇವುಗಳನ್ನು ಬಳಸಬಾರದು.

ಕ್ರಮಗಳ ವೇಳಾಪಟ್ಟಿ

• ಫೆಬ್ರವರಿ-ಮಾರ್ಚ್: ಗಿಡದ ಪರಿಶೀಲನೆ, ರೋಗದ ರೆಂಬೆಗಳ ಸವರುವಿಕೆ, ಗಾಯಗಳಿಗೆ ಮುಲಾಮು.
• ಮೇ ಕೊನೆಯ ವಾರ: ಮುಂಗಾರು ಆರಂಭಕ್ಕೆ ಮುನ್ನ ಮೊದಲ ಸಿಂಪರಣೆ.
• ಜೂನ್-ಸೆಪ್ಟೆಂಬರ್: ಹೊಸ ಚಿಗುರು ಇದ್ದಲ್ಲಿ, ಮಳೆ ಬಿಡುವು ನೀಡಿದಾಗ 3 ರಿಂದ 4 ವಾರಗಳ ಅಂತರದಲ್ಲಿ ಸಿಂಪರಣೆ.
• ಅಕ್ಟೋಬರ್-ನವೆಂಬರ್: ಹಿಂಗಾರು ಮಳೆ ಬೀಳುವ ಕಡೆ, ಚಿಗುರು ಬಂದಿದ್ದರೆ ಮತ್ತೊಂದು ಸಿಂಪರಣೆ.
• ಡಿಸೆಂಬರ್-ಜನವರಿ: ಸಿಂಪರಣೆ ಬೇಡ. ಉದುರಿದ ಎಲೆಗಳನ್ನು ಆಯ್ದು ಹೂಳಬೇಕು.

ಸುರಕ್ಷತಾ ಕ್ರಮಗಳು

1. ಮೈಲುತುತ್ತವು ವಿಷಕಾರಿ. ಅದರ ನೀಲಿ ಹರಳುಗಳು ಮಕ್ಕಳನ್ನು ಆಕರ್ಷಿಸುವುದರಿಂದ ಬೀಗ ಹಾಕಿದ ಕಪಾಟಿನಲ್ಲಿ, ಹೆಸರು ಬರೆದ ಡಬ್ಬಿಯಲ್ಲಿ ಇಡಬೇಕು. ಆಹಾರ ಪದಾರ್ಥಗಳ ಬಳಿ ಇಡಬಾರದು.
2. ಸಿಂಪಡಿಸುವಾಗ ಕೈಗವಸು, ಕನ್ನಡಕ ಹಾಗೂ ಮುಖಗವಸು ಧರಿಸಬೇಕು. ಗಾಳಿ ಬೀಸುವಾಗ ಸಿಂಪಡಿಸಬಾರದು. ನೆರೆಮನೆಯವರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು.
3. ಬಾವಿ, ನೀರಿನ ತೊಟ್ಟಿ, ಮೀನಿನ ಕೊಳಗಳಿಗೆ ದ್ರಾವಣ ಬೀಳದಂತೆ ನೋಡಿಕೊಳ್ಳಬೇಕು. ತಾಮ್ರವು ಮೀನುಗಳಿಗೆ ಮಾರಕ. ಕುರಿಗಳೂ ತಾಮ್ರಕ್ಕೆ ಬಹಳ ಸೂಕ್ಷ್ಮವಾದ್ದರಿಂದ ಸಿಂಪಡಿಸಿದ ಗಿಡದ ಕೆಳಗಿನ ಹುಲ್ಲನ್ನು ಅವುಗಳಿಗೆ ಮೇಯಿಸಬಾರದು.
4. ಗಿಡ ಹೂ ಬಿಟ್ಟಿರುವಾಗ, ಜೇನುನೊಣಗಳು ಓಡಾಡುವ ವೇಳೆಯಲ್ಲಿ ಸಿಂಪಡಿಸಬಾರದು.
5. ಕಣ್ಣಿಗೆ ಸಿಡಿದರೆ 15 ನಿಮಿಷಗಳ ಕಾಲ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ನುಂಗಿದ ಸಂದರ್ಭದಲ್ಲಿ ಔಷಧಿಯ ಚೀಟಿಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.
6. ಔಷಧಿಗಳನ್ನು ಪರವಾನಗಿ ಹೊಂದಿದ ಮಾರಾಟಗಾರರಿಂದ ಮಾತ್ರ ರಶೀದಿ ಪಡೆದು ಖರೀದಿಸಬೇಕು.

ಮಾದರಿ ಪರೀಕ್ಷೆ ಮತ್ತು ಸಲಹೆ ಪಡೆಯುವ ವಿಧಾನ

ರೋಗದ ಬಗ್ಗೆ ಸಂದೇಹವಿದ್ದಲ್ಲಿ ಸಾರ್ವಜನಿಕರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ದೂರವಾಣಿಯ ಮೂಲಕ ಸಲಹೆ ಬಯಸುವವರು ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551 ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಮಾದರಿಯನ್ನು ತರುವಾಗ ಅನುಸರಿಸಬೇಕಾದ ಕ್ರಮ:
• ರೋಗದ ವಿವಿಧ ಹಂತಗಳನ್ನು ತೋರಿಸುವ 5 ರಿಂದ 10 ಎಲೆಗಳನ್ನು, ಸಾಧ್ಯವಾದರೆ ಒಂದು ಕಾಯಿಯೊಡನೆ, ಒಣಗಿರುವಾಗ ಕೀಳಬೇಕು.
• ಕಾಗದದ ಲಕೋಟೆಯಲ್ಲಿಟ್ಟು ಅದನ್ನು ಮುಚ್ಚಿ, ಅಂದೇ ಅಥವಾ ಮರುದಿನ ತಲುಪಿಸಬೇಕು. ಒದ್ದೆಯಾದ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕೊಳೆತು ಪರೀಕ್ಷೆಗೆ ಬಾರದಂತಾಗುತ್ತವೆ.
• ಗಿಡದ ವಯಸ್ಸು, ಸಸಿ ತಂದ ಸ್ಥಳ, ರೋಗ ಮೊದಲು ಕಂಡ ತಿಂಗಳು, ಈವರೆಗೆ ಸಿಂಪಡಿಸಿದ ಔಷಧಿ ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಲಗತ್ತಿಸಬೇಕು.
• ದಾರಿಯಲ್ಲಿ ಇತರ ನಿಂಬೆ ತೋಟಗಳಿಗೆ ಮಾದರಿಯನ್ನು ಒಯ್ಯಬಾರದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಂತೆ ನಿಂಬೆಯೇ ಜೀವನಾಧಾರವಾಗಿರುವ ಪ್ರದೇಶಗಳ ನಿವಾಸಿಗಳು ಈ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ಹೊಸ ಸಸಿ ಕೊಳ್ಳುವವರು ಇಲಾಖೆಯ ಸಸ್ಯಾಗಾರ ಅಥವಾ ನಂಬಿಕೆಗೆ ಅರ್ಹವಾದ ಸಸ್ಯಾಗಾರದಿಂದ, ಪ್ರತಿ ಎಲೆ ಹಾಗೂ ಕಾಂಡವನ್ನು ಪರಿಶೀಲಿಸಿ, ಒಂದು ಚುಕ್ಕೆಯೂ ಇಲ್ಲದ ಸಸಿಯನ್ನೇ ಆರಿಸಬೇಕು. ಮನೆಗೆ ತಂದ ಸಸಿಯನ್ನು ಕೆಲವು ವಾರ ಇತರ ನಿಂಬೆ ಗಿಡಗಳಿಂದ ದೂರವಿಟ್ಟು ಗಮನಿಸಿದ ನಂತರ ನೆಡುವುದು ಕ್ಷೇಮ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಜ್ಜಿಯಿರುವ ನಿಂಬೆಹಣ್ಣನ್ನು ಬಳಸಬಹುದೆ?
ಉತ್ತರ: ಬಳಸಬಹುದು. ರೋಗವು ಸಿಪ್ಪೆಗೆ ಸೀಮಿತವಾಗಿದ್ದು ಮನುಷ್ಯರಿಗೆ ತಗುಲುವುದಿಲ್ಲ. ಹಣ್ಣನ್ನು ಚೆನ್ನಾಗಿ ತೊಳೆದು ರಸ ತೆಗೆಯಬಹುದು. ಸಿಪ್ಪೆಸಹಿತ ಉಪ್ಪಿನಕಾಯಿಗೆ ಕಜ್ಜಿಯಿಲ್ಲದ ಹಣ್ಣು ಉತ್ತಮ. ಔಷಧಿ ಸಿಂಪಡಿಸಿದ್ದಲ್ಲಿ ಚೀಟಿಯಲ್ಲಿ ಸೂಚಿಸಿದ ಅವಧಿ ಕಳೆದ ನಂತರವೇ ಕೊಯ್ಯಬೇಕು.

ಪ್ರಶ್ನೆ: ನೆರೆಮನೆಯ ಗಿಡದಲ್ಲಿ ರೋಗವಿದ್ದು, ತಮ್ಮ ಗಿಡಕ್ಕೆ ಮಾತ್ರ ಸಿಂಪಡಿಸಿದರೆ ಪ್ರಯೋಜನವಿದೆಯೆ?
ಉತ್ತರ: ಭಾಗಶಃ ಪ್ರಯೋಜನವಿದೆ. ಗಾಳಿ ಮಳೆಗೆ ಬೇಲಿಯ ಅಡ್ಡಿಯಿಲ್ಲ. ಅಕ್ಕಪಕ್ಕದ ಮನೆಯವರು ಒಟ್ಟಾಗಿ, ಒಂದೇ ವಾರದಲ್ಲಿ ಸವರುವಿಕೆ ಮತ್ತು ಸಿಂಪರಣೆ ಕೈಗೊಂಡರೆ ಖರ್ಚೂ ಕಡಿಮೆ, ಫಲವೂ ಹೆಚ್ಚು.

ಪ್ರಶ್ನೆ: ಒಂದು ವರ್ಷ ಕ್ರಮ ಕೈಗೊಂಡರೆ ರೋಗ ಮತ್ತೆ ಬರುವುದಿಲ್ಲವೆ?
ಉತ್ತರ: ಬರುವ ಸಂಭವವಿದೆ. ಆದರೆ ಪ್ರತಿ ವರ್ಷ ಮಳೆಗೆ ಮುನ್ನ ರೋಗದ ರೆಂಬೆಗಳನ್ನು ತೆಗೆಯುತ್ತ ಬಂದರೆ ಸೋಂಕಿನ ಮೂಲ ಕ್ಷೀಣಿಸಿ, ಸಿಂಪರಣೆಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದೂ, ಗಿಡವನ್ನು ಕಡಿಯುವ ಅಥವಾ ಔಷಧಿ ಖರೀದಿಸುವ ಮುನ್ನ ಸಮೀಪದ ಕಛೇರಿಯಲ್ಲಿ ಮಾದರಿಯನ್ನು ತೋರಿಸಿ ಸಲಹೆ ಪಡೆಯಬೇಕೆಂದೂ ಕೋರಲಾಗಿದೆ.